ನೀಲಕ್ಕನ ದನಿ

ಒಬ್ಬರು ದಣಿದಿದ್ದಾರೋ ಇಲ್ಲವೋ ಎಂದು ತಿಳಿಯಬೇಕಾದರೆ ಹಿಂದೆಲ್ಲ ಅವರನ್ನೇ ಕೇಳಬೇಕಾಗುತ್ತಿತ್ತು. ಕೇಳಿದರೆ ಎಲ್ಲರೂ ಕೊಡುತ್ತಿದ್ದ ಉತ್ತರ ಒಂದೇ: "ಏ, ಏನಿಲ್ರಿ, ಆರಾಮ ಅದೀನಿ." ಹಾಗೆ ಹೇಳಿದವರಲ್ಲಿ ಕೆಲವರು ಸ್ವಲ್ಪ ದಿನದಲ್ಲೇ ಕೆಲಸ ಬಿಡುತ್ತಿದ್ದರು, ಕೆಲವರು ಆಸ್ಪತ್ರೆ ಸೇರುತ್ತಿದ್ದರು, ಉಳಿದವರು ಕುಳಿತ ಕುರ್ಚಿಯಲ್ಲೇ ಒಳಗೊಳಗೆ ಆರಿಹೋಗುತ್ತಿದ್ದರು. ಮನುಷ್ಯರ ಮಾತನ್ನು ನಂಬಿ ಉಪಯೋಗವಿಲ್ಲ, ಅವರ ದನಿಯನ್ನು ನಂಬೋಣ ಎಂದು ಧಾರವಾಡದ ಸ್ವರಶೋಧ ಪ್ರಯೋಗಾಲಯದವರು ತೀರ್ಮಾನಿಸಿದರು. ತೀರ್ಮಾನವೇನೋ ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ಆಮೇಲೆ.

ಅವರು ಮಾಡಿದ ಯಂತ್ರ ಊಟದ ಡಬ್ಬಿಯಷ್ಟು ದೊಡ್ಡದು. ಮೇಜಿನ ಮೇಲಿಟ್ಟು ಹೆಡ್‌ಫೋನಿಗೆ ಜೋಡಿಸಿದರೆ ಸಾಕು. ದಣಿದಾಗ ಮನುಷ್ಯನ ದನಿಯಲ್ಲಿ ಅವನಿಗೇ ಗೊತ್ತಾಗದ ಬದಲಾವಣೆಗಳಾಗುತ್ತವೆ. ಉಸಿರು ಎಳೆದುಕೊಳ್ಳುವ ರೀತಿ ಬೇರೆಯಾಗುತ್ತದೆ, ಏರಿಳಿತ ಅಂಕೆ ತಪ್ಪುತ್ತದೆ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಹೆಚ್ಚುಕಡಿಮೆಯಾಗುತ್ತದೆ. ಯಂತ್ರ ಇದನ್ನೆಲ್ಲ ಅಳೆದು, ತನ್ನೊಳಗೆ ಮೊದಲೇ ತುಂಬಿಟ್ಟ ಒಂದು 'ಸರಿಯಾದ ದನಿ'ಯ ಜೊತೆ ಹೋಲಿಸಿ ನೋಡುತ್ತಿತ್ತು. ಹತ್ತಿರವಿದ್ದರೆ ಹಸಿರು ದೀಪ, ದೂರ ಸರಿದರೆ ಹಳದಿ, ಇನ್ನೂ ದೂರವಾದರೆ ಕೆಂಪು. ಕೆಂಪು ಹತ್ತಿದವರು ಎದ್ದು ಮನೆಗೆ ಹೋಗಿ ಮಲಗಬೇಕು. ಅವರ ಸಂಬಳ ಕತ್ತರಿಸುವಂತಿಲ್ಲ. ಆದರೆ ಮೇಲಿಂದ ಮೇಲೆ ಕೆಂಪಾಗುವವರು ಈ ಕೆಲಸಕ್ಕೆ ತಕ್ಕವರಲ್ಲ ಎಂದು ಅವರನ್ನು ಬೇರೆ ವಿಭಾಗಕ್ಕೆ ಸಾಗಿಸಬೇಕು.

ಯಂತ್ರ ಮೊದಲು ಬಂದದ್ದು ಹುಬ್ಬಳ್ಳಿಯ ಜೀವಕರೆ ಕೇಂದ್ರಕ್ಕೆ. ಸುತ್ತಲಿನ ಜಿಲ್ಲೆಗಳಲ್ಲಿ ಯಾರಿಗೆ ಏನೇ ಆಗಲಿ, ಆಂಬುಲೆನ್ಸ್ ಕೇಳುವ ಫೋನು ಬಂದು ಬೀಳುವುದು ಅಲ್ಲಿಗೆ. ದಿನವಿಡೀ ಮೇಜಿನ ಮೇಲೆ ಕೂತು ತಮ್ಮ ಉಸಿರನ್ನೂ ಬಿಡದೆ ಗಮನಿಸುವ ಆ ಯಂತ್ರಕ್ಕೆ ಅಲ್ಲಿನ ಹೆಣ್ಣುಮಕ್ಕಳು 'ಅತ್ತಿ', ಅಂದರೆ ಅತ್ತೆ, ಎಂದು ಹೆಸರಿಟ್ಟರು.

"ಸರಿಯಾದ ದನಿ ಅಂತ ತುಂಬಲಿಕ್ಕೆ ಒಬ್ಬರದು ಬೇಕಲ್ಲ, ಯಾರದು ತಗೊಳ್ಳೋಣ?" ಎಂದು ಪ್ರಯೋಗಾಲಯದ ಡಾಕ್ಟರ್ ಮೃಣಾಲಿನಿ ಗಲಗಲಿ ಕೇಳಿದಾಗ ಕೇಂದ್ರದ ಮುಖ್ಯಸ್ಥ ಬಸರಕೋಡ ಸಾಹೇಬರು ತಲೆ ಕೆರೆದುಕೊಳ್ಳಲಿಲ್ಲ.

"ಬ್ಯಾರೆ ಯಾರದ್ರಿ? ನೀಲಕ್ಕಂದು."

ನೀಲಾಂಬಿಕಾ ಕೊಪ್ಪದ ಆ ಕೇಂದ್ರದ ಹಗಲು ಪಾಳಿಯ ಮೇಲ್ವಿಚಾರಕಿ. ಕೇಂದ್ರ ಶುರುವಾದಾಗಿನಿಂದ ಇರುವವಳು. ಬಸ್ಸು ಹಳ್ಳಕ್ಕೆ ಬಿದ್ದಿದೆ ಎಂದು ಯಾರೋ ಕಿರುಚಿದರೂ, ಗಂಡ ಉಸಿರಾಡುತ್ತಿಲ್ಲ ಎಂದು ಯಾರೋ ಗೋಳಾಡಿದರೂ ಆಕೆಯ ದನಿ ನೇರವಾಗಿ, ಸಮವಾಗಿ ಹರಿಯುತ್ತಿತ್ತು. ಹೊಸದಾಗಿ ಸೇರಿದವರು ಎರಡನೇ ಹೆಡ್‌ಫೋನು ಹಾಕಿಕೊಂಡು ಆಕೆಯ ಪಕ್ಕ ಕೂತು ಕೆಲಸ ಕಲಿಯುವುದು ಅಲ್ಲಿನ ಪದ್ಧತಿ. ಯಾರಾದರೂ ಗಾಬರಿಯಾದರೆ ಉಳಿದವರು "ನೀಲಕ್ಕನ ದನಿ ತಗೋ" ಎನ್ನುತ್ತಿದ್ದರು. ಅವರು ಆ ದನಿ ತೆಗೆದುಕೊಂಡೂ ತೆಗೆದುಕೊಂಡು, ಇಡೀ ಪಾಳಿಯೇ ಒಬ್ಬಳೇ ಮಾತಾಡಿದಂತೆ ಕೇಳುತ್ತಿತ್ತು. ಈಗ ಯಂತ್ರವೂ ಆ ಸಾಲಿಗೆ ಸೇರಿತು. ಮುಂದಿನ ವರ್ಷ ರಾಜ್ಯದ ಎಲ್ಲ ಕೇಂದ್ರಗಳಿಗೂ ಇದೇ ದನಿ ಹೋಗುತ್ತದೆ ಎಂದು ಸಾಹೇಬರು ಪೇಢೆ ಹಂಚಿದರು.

ಎಲ್ಲರ ದೀಪವೂ ಹಸಿರಾಗಿತ್ತು, ಫರೀದಾ ಮುಲ್ಲಾಳದೊಂದನ್ನು ಬಿಟ್ಟು.

ಫರೀದಾ ಕೂರುತ್ತಿದ್ದುದು ನೀಲಕ್ಕನ ಪಕ್ಕದ ಕುರ್ಚಿಯಲ್ಲೇ. ಕೆಲಸದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಅತ್ತಿ ಎಂಬ ಹೆಸರಿಟ್ಟವಳೂ ಅವಳೇ. ಒಂದು ದಿನ ಬೆಳಿಗ್ಗೆ ಅಣ್ಣಿಗೇರಿ ಕಡೆಯಿಂದ ಒಬ್ಬ ತಂದೆ ಫೋನು ಮಾಡಿದ. ಹಸುಗೂಸಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತ್ತು.

"ಅಣ್ಣಾ, ಅಳಬ್ಯಾಡ್ರಿ, ನನ್ನ ಮಾತ ಕೇಳ್ರಿ. ಕೂಸಿನ್ನ ಮುಂಗೈ ಮ್ಯಾಲ ಬೋರಲ ಹಾಕ್ಕೊರಿ. ತಲಿ ಕೆಳಗಿರಲಿ. ಈಗ ಬೆನ್ನ ಮ್ಯಾಲ ಅಂಗೈಲೆ ಬಡೀರಿ. ಇನ್ನೊಮ್ಮೆ ಬಡೀರಿ ಅಣ್ಣಾ, ಬಿಡಬ್ಯಾಡ್ರಿ!"

ಆ ಕಡೆಯಿಂದ ಕೂಸಿನ ಕಿರುಚಾಟ ಕೇಳಿತು. ಫರೀದಾ ಕುರ್ಚಿಯಿಂದ ಎದ್ದೇ ಬಿಟ್ಟಳು. "ಅಳಾಕತ್ತೈತಿ! ಅಕ್ಕಾ, ಕೂಸು ಅಳಾಕತ್ತೈತಿ!" ಎಂದು ಕೂಗಿದಳು, ನಕ್ಕಳು, ನಗುತ್ತಲೇ ಮೂಗು ಸೊರಗುಟ್ಟುತ್ತ ಅತ್ತಳು. ಮೇಜಿನ ಮೇಲಿನ ಯಂತ್ರ ಒಂದು ಗಳಿಗೆ ಹಳದಿಯಾಗಿ, ಅಲ್ಲಿಂದ ನೇರ ಕೆಂಪಾಯಿತು.

ಬಸರಕೋಡ ಸಾಹೇಬರು ಕೆಟ್ಟವರೇನಲ್ಲ. ದೀಪ ಏನು ಹೇಳುತ್ತದೋ ಅದನ್ನು ನಂಬುವುದು ಅವರ ಕೆಲಸ. ಫರೀದಾಳನ್ನು ಮನೆಗೆ ಕಳಿಸಿ, ನೀಲಕ್ಕನನ್ನು ಒಳಗೆ ಕರೆದರು.

"ಹಿಂಗ ಮ್ಯಾಲಿಂದ ಮ್ಯಾಲ ಕೆಂಪಾದ್ರ ಹೆಂಗ್ರಿ? ನಾಳೆ ದೊಡ್ಡ ಅನಾಹುತ ಬಂದಾಗ ಈ ಹುಡುಗಿ ಕುಸದ ಬೀಳ್ತಾಳ. ಸ್ಟೋರಿಗೆ ಕಳಸೂನು ಅಂತ ನನ್ನ ವಿಚಾರ. ಆದ್ರ ನಿಮ್ಮ ಮಾತಿಲ್ದ ನಾ ಏನೂ ಮಾಡಂಗಿಲ್ಲ. ಶನಿವಾರ ಸಂಜಿಕ ಹೇಳಿಬಿಡ್ರಿ, ಇಟ್ಕೊಳ್ಳೂದೋ, ಬಿಡೂದೋ."

ನೀಲಕ್ಕ ಹೊರಗೆ ಬಂದಾಗ ಫರೀದಾ ಮನೆಗೆ ಹೋಗದೆ ಮೆಟ್ಟಿಲ ಬಳಿ ಕಾದಿದ್ದಳು.

"ಅಕ್ಕಾ, ಸ್ಟೋರಿಗೆ ಕಳಸಬ್ಯಾಡ್ರಿ. ಸ್ಟ್ರೆಚರ್ ಎಣಿಸ್ಕೋತ ಕುಂದ್ರಾಕ ನನಗಾಗಂಗಿಲ್ಲ. ನನಗ ದಣಿವಾಗಿಲ್ರಿ, ಖರೇನ. ಕೂಸು ಉಳೀತಲ್ಲ ಅಂತ ಖುಷಿ ಆತು, ಅಷ್ಟ."

"ವಿಚಾರ ಮಾಡ್ತೀನಿ," ಎಂದಳು ನೀಲಕ್ಕ. ಅವಳು ಹಾಗೆಂದದ್ದೂ ಹಸಿರು ದನಿಯಲ್ಲೇ.

ಮನೆಯಲ್ಲಿ ನೀಲಕ್ಕನ ಅತ್ತೆ ಗುರುಸಿದ್ದವ್ವ, ಗಂಡ ಶಿವಯೋಗಿ, ಮಗಳು ಇಂಚರಾ. ಶಿವಯೋಗಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಇಂಚರಾ ಶಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದಳು. ಆ ಸಂಜೆ ಅವಳು ಹಾಲಿನ ಪಾತ್ರೆಯನ್ನು ಪೂರ್ತಿ ನೆಲಕ್ಕೆ ಚೆಲ್ಲಿ, ಬೈಗುಳಕ್ಕೆ ಕಾಯುತ್ತ ಗೋಡೆಗೆ ಒತ್ತಿ ನಿಂತಳು.

"ಒರಸೂ ಬಟ್ಟಿ ಮೂಲ್ಯಾಗೈತಿ. ತಗೊಂಡ ಒರಸು," ಎಂದಳು ನೀಲಕ್ಕ. "ಮತ್ತೇನಾದ್ರೂ ಸಹಾಯ ಬೇಕೇನು?"

ಕೊನೆಯ ಮಾತು ಕೇಂದ್ರದ್ದು. ಪ್ರತಿ ಫೋನಿನ ಕೊನೆಗೂ ಹೇಳುವಂಥದ್ದು. ಶಿವಯೋಗಿ ನಕ್ಕುಬಿಟ್ಟ. ಇಂಚರಾ ನಗಲಿಲ್ಲ, ಬಟ್ಟೆ ತಂದು ಒರೆಸಿದಳು. ಗುರುಸಿದ್ದವ್ವ ಮಾತ್ರ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಯಾಕ ನೀಲಾ, ನೀ ಬೈಯೂದನ್ನ ಬಿಟ್ಟೀಯಲ್ಲ. ಮೊದ್ಲ ನನ್ನ ಕೂಡ ಎಷ್ಟ ಜಗಳಾಡ್ತಿದ್ದಿ. ಸಾರಿಗೆ ಉಪ್ಪು ಜಾಸ್ತಿ ಅಂದ್ರ ಮೂರ ದಿನ ಮಾರಿ ಉಬ್ಬಿಸ್ಕೊಂಡ ಅಡ್ಡಾಡ್ತಿದ್ದಿ. ಇವತ್ತ ಪಲ್ಯಾಕ ಉಪ್ಪ ಹಾಕಿಲ್ಲ, ನೀನ ಉಂಡಿ, ನಿನಗ ಗೊತ್ತಾತೇನು?"

ನೀಲಕ್ಕನಿಗೆ ಗೊತ್ತಾಗಿರಲಿಲ್ಲ. ಜಗಳವಿಲ್ಲದ ಮನೆ, ಕೂಗಾಟವಿಲ್ಲದ ದಿನ, ಹಾಸಿಗೆಗೆ ಬಿದ್ದರೆ ಕನಸಿಲ್ಲದ ನಿದ್ದೆ. ವಯಸ್ಸಾದಂತೆ ಮನಸ್ಸು ಮಾಗುತ್ತದೆ ಎನ್ನುತ್ತಾರಲ್ಲ, ಇದು ಅದೇ ಇರಬೇಕು ಎಂದು ಆಕೆ ಅಂದುಕೊಂಡಿದ್ದಳು. ನನ್ನನ್ನು ಕೇಳಿದರೆ, ಪಲ್ಯದ ಉಪ್ಪು ಗೊತ್ತಾಗದಷ್ಟು ಮಾಗುವ ಅಗತ್ಯ ಯಾರಿಗೂ ಇಲ್ಲ. ಆದರೆ ಆಗ ಕೇಳಿದವರು ಯಾರು?

ಶನಿವಾರ ಮಧ್ಯಾಹ್ನ ಫೋನುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಫರೀದಾ ರಜೆ ಮುಗಿಸಿ ಬಂದು ತನ್ನ ಕುರ್ಚಿಯಲ್ಲಿದ್ದಳು. ಸಂಜೆಗೆ ತನ್ನ ಹಣೆಬರಹ ಗೊತ್ತಾಗುತ್ತದೆ ಎಂದು ಆಗಾಗ ನೀಲಕ್ಕನ ಕಡೆ ನೋಡುತ್ತಿದ್ದಳು. ಹೇಗೂ ಸ್ಟೋರಿಗೆ ಕಳಿಸುವುದೇ ಸರಿ ಎಂದು ನೀಲಕ್ಕ ತೀರ್ಮಾನಿಸಿ ಆಗಿತ್ತು. ಹುಡುಗಿಯ ಒಳ್ಳೆಯದಕ್ಕೇ ಅಲ್ಲವೇ? ಮುಂದಿನ ಫೋನು ಎತ್ತಿದಳು.

"ಜೀವಕರೆ ಕೇಂದ್ರ. ಏನಾಗೇತಿ ಹೇಳ್ರಿ."

"ಅವ್ವಾ, ಅಜ್ಜಿ ಬಿದ್ದಾಳ. ಬಚ್ಚಲದಾಗ ಬಿದ್ದಾಳ, ಏಳವಲ್ಲಳು."

"ಹೆದರಬ್ಯಾಡ ಪುಟ್ಟಾ. ಅಜ್ಜಿ ಮಾತಾಡ್ತಾಳೇನು?"

"ನರಳಾಕತ್ತಾಳ. ಕಾಲು ಹೆಂಗೋ ಆಗೇತಿ."

"ಅಕಿನ್ನ ಎಬ್ಬಿಸಾಕ ಹೋಗಬ್ಯಾಡ. ರಕ್ತ ಬರಾಕತ್ತೇತೇನು?"

"ಇಲ್ಲ. ಅವ್ವಾ, ನೀ ಬಾ. ಲಗೂನ ಬಾ."

"ಗಾಡಿ ಬರತೈತಿ. ನಿನ್ನ ಹೆಸರೇನು?"

ಆ ಕಡೆಯ ಅಳು ತಟ್ಟನೆ ನಿಂತಿತು.

"ಇಂಚರಾ."

"ಶಾಣ್ಯಾಕಿ ಅದಿ ಇಂಚರಾ. ಮನಿ ಎಲ್ಲೈತಿ ಹೇಳು."

ಹುಡುಗಿ ವಿಳಾಸ ಹೇಳಿದಳು. ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿದಂತೆ ಹೇಳಿದಳು. ನೀಲಕ್ಕ ಹೆಸರನ್ನೂ ವಿಳಾಸವನ್ನೂ ಕಂಪ್ಯೂಟರಿನಲ್ಲಿ ಒತ್ತಿ, ಹತ್ತಿರದ ಗಾಡಿಯನ್ನು ಕಳಿಸಿ, "ಮುಂದಿನ ಬಾಗಲಾ ತಗದಿಡು. ಮತ್ತೇನಾದ್ರೂ ಸಹಾಯ ಬೇಕೇನು?" ಎಂದಳು.

"ಬ್ಯಾಡ," ಎಂದಿತು ಆ ಕಡೆಯ ದನಿ.

ಫೋನು ಇಟ್ಟು ಮುಂದಿನದನ್ನು ಎತ್ತಿದಳು. ಮೇಜಿನ ಮೇಲಿನ ದೀಪ ಒಂದು ಕ್ಷಣವೂ ಹಸಿರು ಬಿಟ್ಟು ಅಲುಗಲಿಲ್ಲ.

ಯಾವ ಕರೆಗೆ ಯಾವ ಗಾಡಿ ಹೋಯಿತು ಎಂಬುದು ಎದುರಿನ ಗೋಡೆಯ ದೊಡ್ಡ ಪರದೆಯ ಮೇಲೆ ಮೂಡುತ್ತದೆ. ಫರೀದಾ ಅದನ್ನು ಓದಿದಳು, ಮತ್ತೊಮ್ಮೆ ಓದಿದಳು. ಬಂದು ನೀಲಕ್ಕನ ಹೆಡ್‌ಫೋನನ್ನು ಕೈಯಾರೆ ಕಿತ್ತಳು.

"ಅಕ್ಕಾ, ಅದು ನಿಮ್ಮ ಮನಿ."

"ಯಾವುದು?"

"ಈಗ ಗಾಡಿ ಕಳಸಿದ್ರಲ್ಲ, ಅದು. ಇಂಚರಾ ಅಂದ್ರ ನಿಮ್ಮ ಮಗಳಲ್ಲೇನ್ರಿ?"

ನೀಲಕ್ಕ ಪರದೆ ನೋಡಿದಳು. ಅಲ್ಲಿ ತನ್ನ ಮನೆಯ ವಿಳಾಸವಿತ್ತು. ತನ್ನ ಬೆರಳುಗಳೇ ಒತ್ತಿದ್ದವು.

ಗುರುಸಿದ್ದವ್ವನ ತೊಡೆಯ ಮೂಳೆ ಮುರಿದಿತ್ತು. ಗಾಡಿ ಬೇಗ ಬಂದದ್ದರಿಂದ ತೊಂದರೆ ಹೆಚ್ಚಲಿಲ್ಲ, ಆಪರೇಷನ್ ಸಲೀಸಾಗಿ ಆಯಿತು ಎಂದರು ಡಾಕ್ಟರು. ಶಿವಯೋಗಿ ವರ್ಕ್‌ಶಾಪಿನ ಎಣ್ಣೆ ಕೈಯಲ್ಲೇ ಓಡಿಬಂದಿದ್ದ. ಇಂಚರಾ ಆಸ್ಪತ್ರೆಯ ಬೆಂಚಿನ ಮೇಲೆ ತಂದೆಗೆ ಅಂಟಿ ಕೂತಿದ್ದಳು. ತಾಯಿ ಬಂದು ಪಕ್ಕ ಕೂತಾಗ ಸ್ವಲ್ಪ ಸರಿದಳು.

"ನೀ ನನ್ನ ಹೆಸರ ಕೇಳಿದಿ," ಎಂದಳು.

ಅಳಬೇಕಾದ ಹೊತ್ತು ಅದು ಎಂದು ನೀಲಕ್ಕನಿಗೆ ಗೊತ್ತಿತ್ತು. ಆದರೆ ಕಣ್ಣು ತುಂಬಲಿಲ್ಲ. ಹೆತ್ತ ಮಗಳ ದನಿ ಗುರುತು ಸಿಗದಿದ್ದುದಕ್ಕಿಂತ, ಅದಕ್ಕೆ ಅಳು ಬಾರದಿದ್ದುದು ಆಕೆಯನ್ನು ಹೆಚ್ಚು ಹೆದರಿಸಿತು. ಬಹಳ ದಿನಗಳ ಮೇಲೆ ಆಕೆ ಹೆದರಿದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಧಾರವಾಡದ ಪ್ರಯೋಗಾಲಯಕ್ಕೆ ಹೋಗಿ ಆ ಕರೆಯ ಧ್ವನಿಮುದ್ರಣವನ್ನು ಮೃಣಾಲಿನಿಯ ಮುಂದೆ ಹಾಕಿಸಿದಳು. ಮೃಣಾಲಿನಿ ಕಣ್ಣು ಮುಚ್ಚಿ ಕೇಳಿದಳು. ಪರದೆಯ ಮೇಲೆ ಗೆರೆ ಸಪಾಟಾಗಿ, ಸುಂದರವಾಗಿ ಸಾಗಿತು.

"ಎಷ್ಟು ಚಂದ ನಿಭಾಯಿಸೀರಿ! ಹೊಸಬರಿಗೆ ಕಲಿಸ್ಲಿಕ್ಕೆ ಇದನ್ನೇ ಇಟ್ಕೋತೀವಿ ನಾವು."

"ಆ ಹುಡುಗಿ ನನ್ನ ಮಗಳು, ಮೇಡಮ್. ನನಗ ಗೊತ್ತಾಗಲಿಲ್ಲ."

ಮೃಣಾಲಿನಿ ಕಣ್ಣು ತೆರೆದಳು. ಒಳ್ಳೆಯ ವಿಜ್ಞಾನಿಗಳಿಗೆ ಒಂದು ಗುಣವಿರುತ್ತದೆ, ತಮ್ಮ ಲೆಕ್ಕ ತಪ್ಪಿತು ಎಂದು ಹೊಳೆದಾಗ ಅವರು ವಾದಕ್ಕಿಳಿಯುವುದಿಲ್ಲ. ಆಕೆ ಎದ್ದು ಬಾಗಿಲು ಹಾಕಿಕೊಂಡು ಬಂದು, ಕೇಂದ್ರದಲ್ಲಿ ಹಳೆಯ ಕರೆಗಳನ್ನೂ ಉಳಿಸಿಡುತ್ತಾರಲ್ಲವೇ ಎಂದು ಕೇಳಿದಳು. ಸಾಹೇಬರಿಗೆ ಫೋನು ಮಾಡಿ, ನೀಲಕ್ಕ ಕೆಲಸಕ್ಕೆ ಸೇರಿದ ಮೊದಲ ವರ್ಷದ ಕರೆಗಳನ್ನು ತರಿಸಿಕೊಂಡಳು.

ಹಳೆಯ ಕರೆಯಲ್ಲಿ ಒಬ್ಬಳು ಹೆಂಗಸು ಮಾತಾಡುತ್ತಿದ್ದಳು. "ಯಪ್ಪಾ, ಹೆದರಬ್ಯಾಡ್ರಿ, ನಾ ಅದೀನಿ, ನಾ ಎಲ್ಲೂ ಹೋಗಂಗಿಲ್ಲ. ಗಾಡಿ ಬಂತೇನ್ರಿ? ಲೈಟ್ ಕಾಣ್ತೇನ್ರಿ? ಬಂತಾ? ಹಾಂ, ಶಿವನ, ಬಂತು!" ದನಿ ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ಬಿರುಕು ಬಿಡುತ್ತಿತ್ತು. ಮಾತು ಮುಗಿದ ಮೇಲೆ ಒಂದು ದೊಡ್ಡ ನಿಟ್ಟುಸಿರು, ಆಮೇಲೆ ಸಣ್ಣ ನಗು.

"ಯಾರ್ರಿ ಇಕಿ? ಫರೀದಾ ಮಾತಾಡಿದಂಗ ಕೇಳತೈತಿ," ಎಂದಳು ನೀಲಕ್ಕ.

"ನೀವೇ ರೀ," ಎಂದಳು ಮೃಣಾಲಿನಿ.

ಹಳೆಯ ನೀಲಕ್ಕನನ್ನು 'ಸರಿಯಾದ ದನಿ' ಎಂದಿಟ್ಟು, ಶನಿವಾರದ ಕರೆಯನ್ನು ಯಂತ್ರಕ್ಕೆ ಕೇಳಿಸಿದರು. ಹಳದಿಗೆ ಕೂಡ ನಿಲ್ಲದೆ ದೀಪ ಕೆಂಪಾಯಿತು. ಇಡೀ ಪಾಳಿಯವರ ಕರೆಗಳನ್ನು ಒಬ್ಬೊಬ್ಬರ ಮೊದಲ ತಿಂಗಳ ದನಿಯ ಜೊತೆ ಹೋಲಿಸಿದರು. ಕೆಲವರು ಕೆಂಪು, ಬಹಳ ಮಂದಿ ಹಳದಿ. ಫರೀದಾ ಹಚ್ಚ ಹಸಿರು.

"ಸುಸ್ತಾದವರ ದನಿ ನಡುಗ್ತದ ಅಂತ ನಾವು ಅಳೆದ್ವಿ," ಎಂದಳು ಮೃಣಾಲಿನಿ, ನಿಧಾನವಾಗಿ. "ಸುಸ್ತನ್ನ ದಾಟಿ ಹೋದವರ ದನಿ ನಡುಗೋದೇ ಇಲ್ಲ. ನಾವು ನಿಮ್ಮನ್ನ ನೋಡಿ ಇದೇ ಆರೋಗ್ಯ ಅಂದ್ಕೊಂಡ್ವಿ. ತಪ್ಪು ನಂದು. ನಿಮ್ಮ ಹುಡುಗ್ಯಾರು ಮೊದಲು ನಿಮ್ಮನ್ನ ನೋಡಿ ಹಂಗ ಮಾತಾಡಿದ್ರು, ಆಮೇಲೆ ದೀಪಕ್ಕ ಹೆದರಿ ಹಂಗೇ ಆದ್ರು."

"ನಾ ಗಟ್ಟಿ ಅದೀನಿ ಅಂತ ಎಲ್ಲಾರೂ ಅಂತಿದ್ರು," ಎಂದಳು ನೀಲಕ್ಕ.

"ಹಂಗ ಅಂದ್ಕೊಂಡೇ ಎಲ್ಲಾರೂ ತಮ್ಮ ಭಾರಾನೂ ನಿಮ್ಮ ಮ್ಯಾಲೆ ಹಾಕಿದ್ರು."

ಆ ಸಂಜೆ ನೀಲಕ್ಕ ಸಾಹೇಬರ ಕೋಣೆಗೆ ಹೋದಳು. ಪ್ರಯೋಗಾಲಯದಿಂದ ಸುದ್ದಿ ಆಗಲೇ ಬಂದಿತ್ತು. ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಎಲ್ಲಾರ್ನೂ ಕೆಂಪು ಅಂತ ಮನಿಗೆ ಕಳಸಿದ್ರ ಫೋನ್ ಎತ್ತೋರ ಯಾರ್ರಿ? ಅಲ್ಲೆ ಜನ ಸಾಯಾಕತ್ತಿರ್ತಾರ!"

ಪ್ರಶ್ನೆ ನ್ಯಾಯವಾದದ್ದೇ. ನೀಲಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಎಲ್ಲಾರೂ ಒಮ್ಮೆಲೆ ಹೋಗೂದ ಬ್ಯಾಡ್ರಿ, ಸರದಿ ಪ್ರಕಾರ ಹೋಗಲಿ. ಬ್ಯಾರೆ ಜಿಲ್ಲಾದಿಂದ ಮಂದಿ ತರಸ್ರಿ. ಕೆಟ್ಟ ಕಾಲ್ ಬಂದ ಮ್ಯಾಲ ಒಬ್ರನ್ನ ಕರಕೊಂಡ ಕ್ಯಾಂಟೀನಿಗೆ ಹೋಗಿ ಚಾ ಕುಡದು, ಅಳೂದಿದ್ರ ಅತ್ತು ಬರಲಿ. ಮುಂದಿನ ಫೋನ್ ಅಲ್ಲಿತನಾ ಪಕ್ಕದಾಕಿ ಎತ್ತಲಿ. ಮತ್ತ ನೀವ ಶನಿವಾರಕ್ಕ ಹೇಳ್ರಿ ಅಂತ ಒಂದ ಮಾತ ಕೇಳಿದ್ರಿ. ಫರೀದಾನ್ನ ಇಟ್ಕೊರಿ. ಸದ್ಯಕ ಪಾಳಿ ಅಕೀನ ನಡಸಲಿ. ಕುರ್ಚಿ ಬಿಡೂದು ನಾನು."

"ನೀವಿಲ್ದ ಹೆಂಗ್ರಿ ನೀಲಕ್ಕಾ?"

"ಇಷ್ಟ ದಿನಾ ಅಲ್ಲೆ ನಾ ಇದ್ನೇನ್ರಿ ಸಾಹೇಬ್ರ?" ಎಂದಳು ನೀಲಕ್ಕ.

ಸಾಹೇಬರು ಫರೀದಾಳನ್ನು ಒಳಗೆ ಕರೆಸಿದರು.

ಆ ಮೇಲೆ ಆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎಲ್ಲರಿಗೂ ಒಂದೇ 'ಸರಿಯಾದ ದನಿ' ಎಂಬುದನ್ನು ಪ್ರಯೋಗಾಲಯದವರು ತೆಗೆದುಹಾಕಿದರು. ಈಗ ಒಬ್ಬೊಬ್ಬರ ದನಿಯನ್ನೂ ಅವರದೇ ದನಿಯ ಜೊತೆ ಹೋಲಿಸುತ್ತಾರೆ, ಹೋಲಿಸಲು ಬೇಕಾದ ಆ ದನಿಯನ್ನು ಅವರು ಕ್ಯಾಂಟೀನಿನಲ್ಲಿ ಹರಟೆ ಹೊಡೆಯುವಾಗ ಹಿಡಿದುಕೊಳ್ಳುತ್ತಾರೆ. ಹೊಸಬರಿಗೆ ನೀಲಕ್ಕನ ದನಿ ತಗೋ ಎಂದು ಯಾರೂ ಹೇಳುವುದಿಲ್ಲ. ಫರೀದಾ ಈಗಲೂ ಒಮ್ಮೊಮ್ಮೆ ಕುರ್ಚಿಯಿಂದ ಎದ್ದು ಕೂಗುತ್ತಾಳೆ. ಅವಳ ದೀಪವೂ ಒಮ್ಮೊಮ್ಮೆ ಕೆಂಪಾಗುತ್ತದೆ, ಆಗ ಗೊಣಗುತ್ತ ಮನೆಗೆ ಹೋಗಿ ಮಲಗಿ ಎದ್ದು ಬರುತ್ತಾಳೆ.

ನೀಲಕ್ಕ ಮನೆಯಲ್ಲಿದ್ದಳು. ಮೊದಮೊದಲು ಬರೀ ನಿದ್ದೆ. ಆಮೇಲೆ ಏನು ಮಾಡಬೇಕೋ ತಿಳಿಯದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು. ಮೃಣಾಲಿನಿ ಒಂದು ಯಂತ್ರವನ್ನು ಮನೆಗೂ ಕೊಟ್ಟು ಕಳಿಸಿದ್ದಳು. ಅದು ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸರಿನ ಪಕ್ಕ ಕೂತು, ದಿನವೂ ಕೆಂಪಾಗಿಯೇ ಉರಿಯುತ್ತಿತ್ತು. ವಾಕರ್ ಹಿಡಿದು ಓಡಾಡಲು ಕಲಿಯುತ್ತಿದ್ದ ಗುರುಸಿದ್ದವ್ವ, "ಮನ್ಯಾಗ ಒಬ್ಬಾಕಿ ಅತ್ತಿ ಸಾಲಲಿಲ್ಲೇನು?" ಎಂದು ಅದರ ಮೇಲೆ ಟವೆಲ್ಲು ಹೊದಿಸಿಬಿಟ್ಟಳು. ಇಂಚರಾ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಆ ಮಗುವಿನ ಜೊತೆ ಹೇಗೆ ಮಾತು ಶುರು ಮಾಡಬೇಕು ಎಂಬುದೇ ನೀಲಕ್ಕನಿಗೆ ಮರೆತುಹೋಗಿತ್ತು. ಅದು ಮರಳಿ ಬರದೇ ಹೋದರೆ ಏನು ಗತಿ ಎಂದು ಆಕೆ ದಿನವೂ ಯೋಚಿಸುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ನೀಲಕ್ಕ ರೊಟ್ಟಿ ಬಡಿಯುತ್ತಿದ್ದಳು. ಹಿತ್ತಲಲ್ಲಿ ಪೇರಲ ಗಿಡದ ಟೊಂಗೆ ಮುರಿದ ಸದ್ದು, ಅದರ ಹಿಂದೆಯೇ ದೊಪ್ಪೆಂದು ಏನೋ ಬಿದ್ದ ಸದ್ದು.

"ಅವ್ವಾ!"

ನೀಲಕ್ಕ ಹಿಟ್ಟಿನ ಕೈಯಲ್ಲೇ ಓಡಿದಳು. ಇಂಚರಾ ನೆಲದ ಮೇಲೆ ಕೂತು, ತರಚಿದ ಮೊಣಕಾಲು ಹಿಡಿದುಕೊಂಡಿದ್ದಳು. ಕೈಯಲ್ಲಿ ಇನ್ನೂ ಎರಡು ಕಾಯಿ.

"ಬುದ್ಧಿ ಐತೇನ್ ನಿನಗ! ಗಿಡಾ ಹತ್ತಬ್ಯಾಡ, ಟೊಂಗಿ ಮುರೀತೈತಿ ಅಂತ ಬಡಕೊಂಡಿಲ್ಲೇನ್ ನಾ? ಮಂಗ್ಯಾ ಆಗಿ ಹುಟ್ಟಬೇಕಾಗಿತ್ತು ನೀ! ಕೈಕಾಲ ಮುರದಿದ್ರ? ತಲಿ ಒಡದಿದ್ರ? ನಾ ಏನ ಮಾಡ್ಲಿ ಆಗ, ಹಾಂ? ಯಾರನ್ನ ಕೇಳ್ಲಿ? ಎಲ್ಲೆ ತೋರಸು, ಎಲ್ಲೆ ಬಡೀತು?"

ದನಿ ಏರಿ, ನಡುವೆ ಒಡೆದು, ನೆರೆಮನೆಯವರು ಕಿಟಕಿ ತೆರೆಯುವಷ್ಟು ದೊಡ್ಡದಾಯಿತು. ನೀಲಕ್ಕ ಮಗಳ ತಲೆ, ಭುಜ, ಬೆನ್ನು ಎಲ್ಲ ಒತ್ತಿ ಒತ್ತಿ ನೋಡಿದಳು. ಇಂಚರಾಳ ಕೂದಲ ತುಂಬ ಜೋಳದ ಹಿಟ್ಟಾಯಿತು. ಅವಳು ಅಳುವುದನ್ನು ಮರೆತು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಅವ್ವಾ," ಎಂದಳು. "ಈ ಸಲ ನೀ ನನ್ನ ಹೆಸರ ಕೇಳಲಿಲ್ಲ."

ನೀಲಕ್ಕ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು, ಮಗಳನ್ನು ಎಳೆದು ಅಪ್ಪಿಕೊಂಡು ಗಟ್ಟಿಯಾಗಿ ಅತ್ತಳು.

"ರೊಟ್ಟಿ ಸೀದ ವಾಸನಿ ಬರಾಕತ್ತೈತಿ," ಎಂದು ಗುರುಸಿದ್ದವ್ವ ಒಳಗಿನಿಂದ ಕೂಗಿದಳು. "ಯಾರರ ಬಂದು ಹಂಚ ಇಳಸ್ರಿ!"

ಇಬ್ಬರೂ ಏಳಲಿಲ್ಲ.